ಹಳೆಯ ಮಸಲ್ ಕಾರಿಗೆ ಹಿಂದಿನ ಟೈರು ಆರಿಸುವ ಬಗೆ: ಟೇಪಿನಿಂದ ಮೊದಲಾಗಿ ಗಾಳಿಯವರೆಗೆ

1970ರಲ್ಲಿ ಅಮೆರಿಕದ ಷೆವರ್ಲೆ ಕಂಪನಿಯು ಷೆವೆಲ್ ಎಸ್‌ಎಸ್ ಎಂಬ ತನ್ನ ಮಸಲ್ ಕಾರಿಗೆ, ಅಂದರೆ ಸಾಧಾರಣ ಕಾರಿನ ಮೈಯಲ್ಲಿ ಭಾರಿ ಎಂಜಿನ್ ಹೊತ್ತ ಕಾರಿಗೆ, ಎಲ್‌ಎಸ್‌6 ಎಂಬ 454 ಘನ ಇಂಚಿನ ಎಂಜಿನ್ ಕೂರಿಸಿತು. ಕಂಪನಿಯ ಲೆಕ್ಕದಲ್ಲಿ ಅದರ ಬಲ 450 ಅಶ್ವಶಕ್ತಿ, ಟಾರ್ಕ್ (ತಿರುಗಿಸುವ ಬಲ) 500 ಪೌಂಡ್-ಅಡಿ, ಅಂದರೆ ಸುಮಾರು 678 ನ್ಯೂಟನ್ ಮೀಟರ್. ಇಷ್ಟು ಬಲವನ್ನು ರಸ್ತೆಗೆ ದಾಟಿಸಲು ಕಾರ್ಖಾನೆಯವರು ಹಾಕಿ ಕಳಿಸಿದ್ದು ಎಫ್70-14 ಅಳತೆಯ ಟೈರು. ಇಂದಿನ ಅಳತೆಗೆ ತಂದರೆ ಅದು ಹೆಚ್ಚುಕಡಿಮೆ 225/70 ಆರ್ 14 ಆಗುತ್ತದೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ತೆವಳುವ ದೊಡ್ಡ ಎಸ್‌ಯುವಿಗಳ ಟೈರು ಕೂಡ ಇಂದು ಅದಕ್ಕಿಂತ ಅಗಲವಾಗಿರುತ್ತದೆ.

ಈ ಹೊಂದಾಣಿಕೆ ಎಷ್ಟು ವಿಚಿತ್ರವಾದದ್ದು ಎಂಬುದನ್ನು ಒಂದು ಸಣ್ಣ ಲೆಕ್ಕ ತೋರಿಸುತ್ತದೆ. ಆ ಕಾರಿನ ಎಂ22 ಗೇರ್‌ಬಾಕ್ಸಿನಲ್ಲಿ ಮೊದಲ ಗೇರಿನ ಅನುಪಾತ 2.20, ಹಿಂದಿನ ಆಕ್ಸಲ್ಲಿನ ಅನುಪಾತ 3.31. ಎಂಜಿನ್ನಿನ ಟಾರ್ಕನ್ನು ಇವೆರಡರಿಂದಲೂ ಗುಣಿಸಿದರೆ ಆಕ್ಸಲ್ಲಿಗೆ ಬಂದು ಸೇರುವುದು ಸುಮಾರು 4,900 ನ್ಯೂಟನ್ ಮೀಟರ್. ಟೈರಿನ ನಡುವಿನಿಂದ ನೆಲಕ್ಕೆ ಸುಮಾರು 33.5 ಸೆಂಟಿಮೀಟರ್ ಇರುವುದರಿಂದ, ನಡುವೆ ಸೋರಿಹೋಗುವ ಬಲವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಟೈರು ರಸ್ತೆಯನ್ನು ಹಿಂದಕ್ಕೆ ನೂಕುವ ಬಲವು 1,500 ಕೆ.ಜಿ. ತೂಕಕ್ಕೆ ಸಮನಾಗುತ್ತದೆ. ಆದರೆ ಮೂತಿಯೇ ಭಾರವಾದ ಈ ಕಾರು ನಿಂತಲ್ಲಿ ಹಿಂದಿನ ಎರಡು ಟೈರುಗಳ ಮೇಲೆ ಬೀಳುವ ತೂಕ 750 ಕೆ.ಜಿ.ಯ ಆಸುಪಾಸು ಮಾತ್ರ. ಸಾಮಾನ್ಯ ರಸ್ತೆ ಟೈರು ಒಣ ಡಾಂಬರಿನ ಮೇಲೆ ತನ್ನ ಮೇಲಿರುವ ಭಾರಕ್ಕಿಂತ ತುಸು ಕಡಿಮೆ ಬಲವನ್ನಷ್ಟೇ ತಾಳಬಲ್ಲದು. ಹೊರಡುವ ಕ್ಷಣದಲ್ಲಿ ಒಂದಿಷ್ಟು ಭಾರ ಹಿಂದಕ್ಕೆ ವಾಲುತ್ತದೆ ಎಂದುಕೊಂಡರೂ ಎಂಜಿನ್ ಕೊಡುವುದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ನೆಲ ಮುಟ್ಟುತ್ತದೆ, ಉಳಿದದ್ದು ಹೊಗೆಯಾಗುತ್ತದೆ. ಆದುದರಿಂದ ಇಂಥ ಕಾರಿನಲ್ಲಿ ಇನ್ನೂ ಐವತ್ತು ಅಶ್ವಶಕ್ತಿಗೆ ಹಣ ಸುರಿಯುವುದಕ್ಕಿಂತ ಮೊದಲು ಹಿಂದಿನ ಎರಡು ಟೈರುಗಳ ಕಡೆ ನೋಡಬೇಕು.

ನಾನು ಡೆಟ್ರಾಯಿಟ್ ಸಮೀಪ ನೆಲೆಸಿರುವ ಕನ್ನಡಿಗ. ಹಲವು ವರ್ಷಗಳಿಂದ 1970ರ ಷೆವೆಲ್ ಒಂದು ನನ್ನ ಗ್ಯಾರೇಜಿನಲ್ಲಿದೆ. ಅದು ಅಸಲಿ ಎಲ್‌ಎಸ್‌6 ಅಲ್ಲ. ಷೆವೆಲ್ಲಿನ ಸಾಧಾರಣ ಮಾದರಿಯಾದ ಮಾಲಿಬು ಮೈಗೆ ಹಿಂದಿನ ಮಾಲೀಕರು 454 ಎಂಜಿನ್ ಕೂರಿಸಿ, ಆಕ್ಸಲ್ಲಿಗೆ 3.73 ಗೇರು ಹಾಕಿಸಿದ್ದಾರೆ. ಎರಡು ಜೊತೆ ಟೈರು ಸವೆಸಿ, ಇನ್ನೊಂದು ಜೊತೆಯನ್ನು ಸವೆಸುವ ಮೊದಲೇ ಎಸೆದು ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಉದಾಹರಣೆಗಳು ಷೆವೆಲ್ಲಿನವಾದರೂ ಕ್ಯಾಮರೊ, ಮಸ್ಟಾಂಗ್, ಚಾರ್ಜರ್ ಇರುವವರು ಇದೇ ಕ್ರಮವನ್ನು ಅನುಸರಿಸಬಹುದು.

ಮೊದಲು: ಕಾರು ನಿಜವಾಗಿ ಎಲ್ಲಿ ಓಡುತ್ತದೆ?

ಟೈರಿನ ಅಂಗಡಿಗೆ ಹೋಗುವ ಮುನ್ನ ಕಳೆದ ಒಂದು ವರ್ಷದಲ್ಲಿ ಕಾರು ಎಲ್ಲೆಲ್ಲಿ ಓಡಿತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮುಂದಿನ ವರ್ಷ ಎಲ್ಲಿ ಓಡಿಸಬೇಕೆಂಬ ಆಸೆಯನ್ನು ಆ ಹಾಳೆಗೆ ಸೇರಿಸಬೇಡಿ. ಡ್ರ್ಯಾಗ್ ಸ್ಟ್ರಿಪ್ಪಿಗೆ (ನೇರ ಓಟದ ಪಂದ್ಯ ನಡೆಯುವ ಹಾದಿಗೆ) ವರ್ಷಕ್ಕೆ ಎರಡು ಸಲ ಹೋಗಿ, ಉಳಿದ ದಿನಗಳಲ್ಲಿ ಐಸ್‌ಕ್ರೀಮ್ ಅಂಗಡಿಯವರೆಗೆ ಓಡಿಸುವ ಕಾರಿಗೆ ಡ್ರ್ಯಾಗ್ ಟೈರನ್ನೇ ಕಾಯಂ ಆಗಿ ಹಾಕಿಸಿ, ಮಳೆ ಬಂದಾಗಲೆಲ್ಲ ಗಾಬರಿಪಡುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಡೆಟ್ರಾಯಿಟ್ಟಿನ ವುಡ್‌ವರ್ಡ್ ಅವೆನ್ಯೂದಲ್ಲಿ 1995ರಿಂದ ಆಗಸ್ಟ್ ತಿಂಗಳ ಮೂರನೆಯ ಶನಿವಾರ ನಡೆಯುವ ಡ್ರೀಮ್ ಕ್ರೂಸ್ ಮೆರವಣಿಗೆಯಲ್ಲಿ ಕಾರು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಅಂಥ ಬಳಕೆಗೆ ಬೇಕಾದದ್ದು ಸದ್ದಿಲ್ಲದ, ಮಳೆಯಲ್ಲಿ ಕೈಕೊಡದ, ಬಿಳಿ ಅಕ್ಷರಗಳು ಚೆನ್ನಾಗಿ ಕಾಣುವ ರಸ್ತೆ ಟೈರು. ತಿರುವುಗಳಲ್ಲಿ ಗಟ್ಟಿಯಾಗಿ ಓಡಿಸುವವರಿಗೆ ಗಿಡ್ಡ, ಬಿಗಿಯಾದ ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಬೇಕು. ಕಾಲು ಮೈಲಿಯ ನೇರ ಓಟಕ್ಕೆ ಇದರ ತದ್ವಿರುದ್ಧ: ಸೈಡ್‌ವಾಲ್ ಎತ್ತರವಾಗಿದ್ದು, ಹೊರಡುವಾಗ ಸುಕ್ಕುಗಟ್ಟಿ, ಗೇರು ಕೊಟ್ಟ ಏಟನ್ನು ನುಂಗಿಕೊಂಡು, ನೆಲಕ್ಕೆ ತಾಗುವ ಜಾಗವನ್ನು ಉದ್ದ ಮಾಡಿಕೊಳ್ಳಬೇಕು. ಈ ಮೂರನ್ನೂ ಚೆನ್ನಾಗಿ ಮಾಡುವ ಟೈರು ಇಲ್ಲ. ಇದೆ ಎಂದು ಯಾರಾದರೂ ಹೇಳಿದರೆ ಅವರು ಮಾರಲು ನಿಂತವರೆಂದು ತಿಳಿಯಿರಿ.

ಟೈರಿನ ಮೇಲಿನ ಬರಹ

ಎಫ್70-14 ಎಂಬ ಹಳೆಯ ಬರಹದಲ್ಲಿ ಎಫ್ ಎನ್ನುವುದು ಟೈರು ಹೊರುವ ಭಾರದ ವರ್ಗ, 70 ಎನ್ನುವುದು ಅಗಲಕ್ಕೆ ಹೋಲಿಸಿದರೆ ಸೈಡ್‌ವಾಲಿನ ಎತ್ತರ ಶೇಕಡಾ ಎಷ್ಟು ಎಂಬುದು, 14 ಎನ್ನುವುದು ರಿಮ್ಮಿನ ವ್ಯಾಸ. ಇಂದಿನ 275/60 ಆರ್ 15 ಎಂಬುದರಲ್ಲಿ ಅಗಲ 275 ಮಿ.ಮೀ., ಸೈಡ್‌ವಾಲ್ ಅದರ ಶೇಕಡಾ 60, ಅಂದರೆ 165 ಮಿ.ಮೀ. ಎರಡು ಸೈಡ್‌ವಾಲಿಗೆ 330, ಹದಿನೈದು ಇಂಚಿನ ರಿಮ್ಮಿಗೆ 381, ಒಟ್ಟು 711 ಮಿ.ಮೀ.; ಅಂದರೆ ಸರಿಯಾಗಿ 28 ಇಂಚು. ಇದೇ ರೀತಿ 255/60 ಆರ್ 15 ಟೈರು 27 ಇಂಚು, 235/60 ಆರ್ 15 ಟೈರು 26.1 ಇಂಚು, ಮೂಲದ ಟೈರಿಗೆ ಸಮನಾದ 225/70 ಆರ್ 14 ಟೈರು 26.4 ಇಂಚು ಬರುತ್ತವೆ. ಈ 275 ಎನ್ನುವುದು ಟೈರಿನ ಹೊಟ್ಟೆಯ ಅಗಲವೇ ಹೊರತು ನೆಲಕ್ಕೆ ತಾಗುವ ಟ್ರೆಡ್ಡಿನ ಅಗಲವಲ್ಲ. ಒಂದೇ ಅಳತೆಯ ಎರಡು ಕಂಪನಿಗಳ ಟೈರುಗಳಲ್ಲಿ ಟ್ರೆಡ್ಡಿನ ಅಗಲ ಬೇರೆ ಬೇರೆ ಇರುತ್ತದೆ. ಆದ್ದರಿಂದ ತಯಾರಕರು ಕೊಡುವ ವಿವರಪಟ್ಟಿಯಲ್ಲಿ ಆ ಸಂಖ್ಯೆಯನ್ನು ಪ್ರತ್ಯೇಕವಾಗಿ ನೋಡಬೇಕು.

ನಡುವಿನ ಆರ್ ಅಕ್ಷರ ರೇಡಿಯಲ್ ಟೈರಿನ ಗುರುತು. ನಮ್ಮ ಕಡೆ ಲಾರಿಯವರು ನೈಲಾನ್ ಟೈರು ಎನ್ನುತ್ತಾರಲ್ಲ, ದಾರದ ಪದರಗಳು ಒಂದರ ಮೇಲೊಂದು ಓರೆಯಾಗಿ ಹಾಯ್ದ ಆ ಜಾತಿಯವೇ ಈ ಕಾರುಗಳ ಕಾಲದ ಟೈರುಗಳು. ಗುಡ್‌ಇಯರ್ ಕಂಪನಿಯ ಪಾಲಿಗ್ಲಾಸ್ ಟೈರಿನಲ್ಲಿ ಅವುಗಳ ಮೇಲೆ ಗಾಜಿನ ನಾರಿನ ಪಟ್ಟಿಯೊಂದನ್ನು ಸೇರಿಸಿದ್ದರು. ಅದೇ ಅಚ್ಚಿನ ಹೊಸ ಟೈರುಗಳು ಇಂದೂ ಸಿಗುತ್ತವೆ. ಪ್ರದರ್ಶನದಲ್ಲಿ ತೀರ್ಪುಗಾರರ ಮುಂದೆ ನಿಲ್ಲಿಸುವ ಕಾರಿಗೆ ಅವು ಸರಿ; ಹಿಡಿತ ಬೇಕೆನ್ನುವವರು ಅತ್ತ ಹೋಗಬೇಕಿಲ್ಲ. ಒಂದೇ ಆಕ್ಸಲ್ಲಿನಲ್ಲಿ ಒಂದು ಕಡೆ ರೇಡಿಯಲ್, ಇನ್ನೊಂದು ಕಡೆ ಓರೆ ಪದರದ ಟೈರು ಹಾಕುವುದಂತೂ ಯಾವ ಕಾರಣಕ್ಕೂ ಸಲ್ಲದು. ಡ್ರ್ಯಾಗ್ ಓಟಕ್ಕೆಂದು ಹಿಂದೆ ಓರೆ ಪದರದ ಮೃದು ಟೈರು, ಮುಂದೆ ರೇಡಿಯಲ್ ಹಾಕಿದವರು, ಹೆಚ್ಚು ವೇಗದಲ್ಲಿ ಕಾರಿನ ಬಾಲ ಎಡಬಲಕ್ಕೆ ತುಯ್ಯುವ ಅನುಭವಕ್ಕೆ ಸಿದ್ಧರಿರಬೇಕು.

ಟೇಪು ಹಿಡಿದು ಚಕ್ರದ ಗೂಡಿಗೆ ಇಳಿಯುವುದು

ಈ ಇಡೀ ಕೆಲಸದಲ್ಲಿ ಒಂದು ಶನಿವಾರವನ್ನು ಪೂರ್ತಿಯಾಗಿ ಕೊಡಬೇಕಾದ ಹಂತ ಇದು. ‘ನನ್ನ ಷೆವೆಲ್ಲಿಗೆ 275 ಆರಾಮಾಗಿ ಹಿಡಿಯಿತು’ ಎಂದು ಇನ್ನೊಬ್ಬರು ಹೇಳಿದ ಮಾತು ನಿಮ್ಮ ಕಾರಿಗೆ ಅನ್ವಯಿಸುವುದಿಲ್ಲ. ಐವತ್ತು ವರ್ಷ ದಾಟಿದ ಕಾರಿನ ಮಡ್‌ಗಾರ್ಡನ್ನು ಯಾರು ಯಾವಾಗ ಬದಲಿಸಿದರೋ, ಸ್ಪ್ರಿಂಗು ಎಷ್ಟು ಕುಸಿದಿದೆಯೋ, ಆಕ್ಸಲ್ ಬೇರೆ ಕಾರಿನಿಂದ ಬಂದದ್ದೋ ಏನೋ, ಹೊರಗಿನಿಂದ ನೋಡಿ ಹೇಳಲಾಗದು.

ಕಾರಿನ ಹಿಂಭಾಗವನ್ನು ಎತ್ತಿ, ಸ್ಟ್ಯಾಂಡುಗಳನ್ನು ಚಾಸಿಗಲ್ಲ, ಆಕ್ಸಲ್ಲಿನ ಕೆಳಗೇ ಕೊಡಿ. ಆಗ ಕಾರಿನ ಭಾರ ಸ್ಪ್ರಿಂಗುಗಳ ಮೇಲೇ ಇದ್ದು, ರಸ್ತೆಯ ಮೇಲೆ ನಿಂತ ಸ್ಥಿತಿಯ ಅಳತೆಯೇ ಸಿಗುತ್ತದೆ. ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕಟ್ಟೆ ಇಡುವುದನ್ನು ಮರೆಯಬೇಡಿ. ಹಿಂದಿನ ಚಕ್ರ ಬಿಚ್ಚಿ, ಬ್ರೇಕ್ ಡ್ರಮ್ಮಿನ ಮುಖಕ್ಕೆ, ಅಂದರೆ ರಿಮ್ ಬಂದು ಒರಗುವ ಜಾಗಕ್ಕೆ, ನೇರವಾದ ಒಂದು ಪಟ್ಟಿಯನ್ನು ನಿಲ್ಲಿಸಿ. ಅಲ್ಲಿಂದ ಒಳಗಡೆಗೆ ಮೊದಲು ಎದುರಾಗುವ ವಸ್ತು ಎಷ್ಟು ದೂರದಲ್ಲಿದೆ ಎಂದು ಅಳೆಯಿರಿ. ಷೆವೆಲ್ಲಿನಲ್ಲಿ ಅದು ಚಾಸಿಯ ತೊಲೆಯೋ ಒಳಗಿನ ತಗಡೋ ಆಗಿರುತ್ತದೆ. ಕ್ಯಾಮರೊ, ಮಸ್ಟಾಂಗ್, ಚಾರ್ಜರುಗಳಲ್ಲಿ ಲೀಫ್ ಸ್ಪ್ರಿಂಗು ಅಡ್ಡ ಬರಬಹುದು. ಸೈಲೆನ್ಸರ್ ಕೊಳವೆಯನ್ನೂ ಬ್ರೇಕಿನ ಸಣ್ಣ ಪೈಪನ್ನೂ ಲೆಕ್ಕಕ್ಕೆ ಹಿಡಿಯಿರಿ. ಬಳಿಕ ಅದೇ ಪಟ್ಟಿಯಿಂದ ಹೊರಗಡೆಗೆ ಮಡ್‌ಗಾರ್ಡಿನ ಒಳಮಡಿಕೆಯ ತುದಿಯವರೆಗೆ ಅಳೆಯಿರಿ. ಟೈರು ಗುಂಡಗಿರುವುದರಿಂದ ನೇರ ಮೇಲೆ ಮಾತ್ರವಲ್ಲ, ಮುಂದೆ ಮತ್ತು ಹಿಂದೆ ಕೂಡ ಅಳೆದು, ಅತಿ ಕಡಿಮೆ ಬಂದದ್ದನ್ನು ಬರೆದುಕೊಳ್ಳಬೇಕು. ಆಮೇಲೆ ಇನ್ನೊಂದು ಪಕ್ಕಕ್ಕೆ ಹೋಗಿ ಎಲ್ಲವನ್ನೂ ಮತ್ತೆ ಮಾಡಬೇಕು.

ಎರಡೂ ಪಕ್ಕ ಅಳೆಯುವುದು ಏಕೆ ಎಂಬುದಕ್ಕೆ ನನ್ನ ಕಾರೇ ಸಾಕ್ಷಿ. ಎಡಗಡೆ ಒಳಕ್ಕೆ 6¼ ಇಂಚು, ಹೊರಕ್ಕೆ 6½ ಇಂಚು ಸಿಕ್ಕಿತು. ಬಲಗಡೆ ಒಳಕ್ಕೆ 6½, ಹೊರಕ್ಕೆ 6¼. ಅಂದರೆ ಇಡೀ ಆಕ್ಸಲ್ ಬಲಕ್ಕೆ ಕಾಲಿಂಚಿನಷ್ಟು ವ್ಯತ್ಯಾಸ ತೋರುವಂತೆ ಸರಿದು ಕೂತಿದೆ. ಈ ಕಾಲದ ಕಾರುಗಳಲ್ಲಿ ಇದು ಸಾಮಾನ್ಯ. ಇದಕ್ಕಾಗಿ ನಿದ್ದೆಗೆಡಬೇಕಾಗಿಲ್ಲ, ಆದರೆ ಎರಡೂ ಕಡೆಯ ಅಳತೆಗಳಲ್ಲಿ ಚಿಕ್ಕದನ್ನೇ ಹಿಡಿಯಬೇಕು. ನನ್ನ ಪಾಲಿಗೆ ಅದು ಒಳಕ್ಕೆ 6¼, ಹೊರಕ್ಕೆ 6¼ ಆಯಿತು.

ಈಗ ಇದನ್ನು ಟೈರಿಗೆ ಹೊಂದಿಸಬೇಕು. ಎಂಟು ಇಂಚಿನ ರಿಮ್ ಎಂದರೆ ಟೈರಿನ ಅಂಚು ಕೂರುವ ಜಾಗಗಳ ನಡುವೆ ಎಂಟು ಇಂಚು; ತುದಿಯ ಮಡಿಕೆಗಳೂ ಸೇರಿದರೆ ಒಟ್ಟು ಅಗಲ ಒಂಬತ್ತರ ಹತ್ತಿರ. ರಿಮ್ಮಿನ ಒಳತುದಿಯಿಂದ ಅದು ಡ್ರಮ್ಮಿಗೆ ಒರಗುವ ಮುಖದವರೆಗಿನ ದೂರಕ್ಕೆ ಬ್ಯಾಕ್‌ಸ್ಪೇಸಿಂಗ್ ಎನ್ನುತ್ತಾರೆ. ಎಂಟು ಇಂಚಿನ ರಿಮ್ಮಿನಲ್ಲಿ ಅದು 4½ ಇಂಚು ಇದ್ದರೆ ಒರಗುವ ಮುಖ ನಟ್ಟನಡುವೆ ಇದೆ ಎಂದರ್ಥ. ಆ ರಿಮ್ಮಿನ ಮೇಲೆ 275/60 ಆರ್ 15 ಟೈರು ಸುಮಾರು 11 ಇಂಚು ಅಗಲ ತೆಗೆದುಕೊಳ್ಳುತ್ತದೆ, ಅಂದರೆ ಆಚೆಗೊಂದು ಈಚೆಗೊಂದು 5½ ಇಂಚು. ನನಗೆ ಎರಡೂ ಕಡೆ ಮುಕ್ಕಾಲು ಇಂಚು ಉಳಿಯಿತು. ಒಳಗಡೆ ಅರ್ಧ ಇಂಚು, ಹೊರಗಡೆ ಮುಕ್ಕಾಲು ಇಂಚು ಉಳಿಯಲೇಬೇಕು ಎಂಬುದು ನಾನು ಮೀರದ ನಿಯಮವಾದ್ದರಿಂದ ಇದು ಸರಿಯಾಗಿ ಕೂತಿತು. ಇನ್ನೂ ಅಗಲವಾದ 295/50 ಆರ್ 15 ಟೈರಿನ ಆಸೆಯನ್ನು ಅದೇ ಕಾಗದದ ಮೇಲೆ ಕೈಬಿಟ್ಟೆ. ಒಳಗೆ ಜಾಗ ಹೆಚ್ಚಿದ್ದು ಹೊರಗೆ ಕಡಿಮೆ ಇದ್ದವರು ಬ್ಯಾಕ್‌ಸ್ಪೇಸಿಂಗ್ ಹೆಚ್ಚಿರುವ ರಿಮ್ ಕೊಂಡರೆ ಟೈರು ಅಷ್ಟೇ ಒಳಕ್ಕೆ ಸರಿಯುತ್ತದೆ. ರಿಮ್ಮಿನ ಅಗಲ ಅರ್ಧ ಇಂಚು ಹೆಚ್ಚಾದರೆ ಟೈರಿನ ಹೊಟ್ಟೆಯೂ ಸುಮಾರು 5 ಮಿ.ಮೀ. ಹಿಗ್ಗುತ್ತದೆ ಎಂಬುದು ನೆನಪಿರಲಿ.

ರಿಮ್ ಕೊಳ್ಳುವಾಗ ಬೋಲ್ಟುಗಳ ಅಂತರವನ್ನೂ ಹೊಂದಿಸಬೇಕು: ಷೆವೆಲ್ ಮತ್ತು ಕ್ಯಾಮರೊ ಕಾರುಗಳಲ್ಲಿ ಐದು ಬೋಲ್ಟುಗಳ ವೃತ್ತ 4¾ ಇಂಚು, ಆ ಕಾಲದ ಮಸ್ಟಾಂಗ್ ಮತ್ತು ಚಾರ್ಜರುಗಳಲ್ಲಿ 4½ ಇಂಚು.

ಕಾಗದದ ಲೆಕ್ಕ ಮುಗಿದ ಮೇಲೂ ಒಂದು ಪರೀಕ್ಷೆ ಉಳಿಯುತ್ತದೆ. ಯಾರದಾದರೂ ಅದೇ ಅಳತೆಯ ಹಳೆಯ ಟೈರು ಸಿಕ್ಕಿದರೆ ಸಿಕ್ಕಿಸಿ ನೋಡಿ. ನಾನು ಮಗಳ ಆಟದ ಮಣ್ಣನ್ನು ಕೇಳಿ ಪಡೆದು, ಮಡ್‌ಗಾರ್ಡಿನ ಒಳಮಡಿಕೆಗೂ ಒಳಗಿನ ತಗಡಿಗೂ ಹೆಬ್ಬೆರಳಿನ ಗಾತ್ರದ ಉಂಡೆಗಳನ್ನು ಅಂಟಿಸಿ, ಹಿಂದಿನ ಸೀಟಿನಲ್ಲಿ ಇಬ್ಬರು ದೊಡ್ಡವರನ್ನು ಕೂರಿಸಿಕೊಂಡು, ನಮ್ಮ ಬಡಾವಣೆಯ ಹಂಪುಗಳನ್ನು ಎರಡು ಸುತ್ತು ಹತ್ತಿಳಿದೆ. ಬಲಗಡೆಯ ಒಂದು ಉಂಡೆ ದೋಸೆಯಂತೆ ಚಪ್ಪಟೆಯಾಗಿತ್ತು. ಅದರ ದಪ್ಪವನ್ನು ಅಳೆದಾಗ ಕಾಲಿಂಚಿಗಿಂತ ಒಂದು ಕೂದಲು ಹೆಚ್ಚು. ಮುಕ್ಕಾಲು ಇಂಚಿನಲ್ಲಿ ಅರ್ಧ ಇಂಚನ್ನು ಹಂಪು ಮತ್ತು ಸೀಟಿನ ಭಾರವೇ ನುಂಗಿಬಿಟ್ಟಿತ್ತು. ನನ್ನ ನಿಯಮದ ಮೇಲೆ ನನಗೆ ನಂಬಿಕೆ ಬಂದದ್ದು ಅವತ್ತು.

ವ್ಯಾಸ ಬದಲಾದರೆ ಗೇರೂ ಬದಲಾದಂತೆ

ಟೈರು ಎತ್ತರವಾದಷ್ಟೂ ಒಂದು ಸುತ್ತಿಗೆ ಹೆಚ್ಚು ದೂರ ಸಾಗುತ್ತದೆ. ಎಂಜಿನ್ನಿಗೆ ಇದು ಆಕ್ಸಲ್ಲಿನ ಗೇರು ಬದಲಿಸಿದ ಹಾಗೆಯೇ. ಗಂಟೆಗೆ ಇಷ್ಟು ಮೈಲಿ ಎಂಬ ವೇಗವನ್ನು ಆಕ್ಸಲ್ಲಿನ ಅನುಪಾತದಿಂದಲೂ 336ರಿಂದಲೂ ಗುಣಿಸಿ, ಟೈರಿನ ವ್ಯಾಸದ ಇಂಚುಗಳಿಂದ ಭಾಗಿಸಿದರೆ ಟಾಪ್ ಗೇರಿನಲ್ಲಿ ಎಂಜಿನ್ ಎಷ್ಟು ಸುತ್ತುತ್ತದೆ ಎಂಬುದು ತಿಳಿಯುತ್ತದೆ. ಟಾಪ್ ಗೇರು ಒಂದಕ್ಕೊಂದು ಇರುವ, ಓವರ್‌ಡ್ರೈವ್ ಇಲ್ಲದ ಗೇರ್‌ಬಾಕ್ಸುಗಳಿಗೆ ಈ ಸೂತ್ರ ನೇರವಾಗಿ ಅನ್ವಯಿಸುತ್ತದೆ. ನನ್ನ 3.73 ಗೇರಿನಲ್ಲಿ 60 ಮೈಲಿ ವೇಗಕ್ಕೆ, 26.4 ಇಂಚಿನ ಟೈರಿದ್ದಾಗ ಎಂಜಿನ್ ನಿಮಿಷಕ್ಕೆ ಸುಮಾರು 2,850 ಸುತ್ತು ಸುತ್ತುತ್ತಿತ್ತು. 28 ಇಂಚಿನ ಟೈರಿಗೆ ಅದು 2,690ಕ್ಕೆ ಇಳಿಯಿತು. ಹೆದ್ದಾರಿಯಲ್ಲಿ ಕಿವಿಗೆ ಹಿತ, ಆದರೆ ಸಿಗ್ನಲ್ಲಿನಿಂದ ಹೊರಡುವಾಗ 3.73 ಗೇರು 3.52ರಂತೆ ವರ್ತಿಸುತ್ತದೆ. ಟಾರ್ಕ್ ಧಾರಾಳವಾಗಿರುವ ದೊಡ್ಡ ಎಂಜಿನ್ನಿಗೆ ಈ ನಷ್ಟ ಗೊತ್ತೇ ಆಗದು. ಸಣ್ಣ ಎಂಜಿನ್ನಿಗೆ ಗೊತ್ತಾಗುತ್ತದೆ. ಸ್ಪೀಡೋಮೀಟರನ್ನು ಮಾತ್ರ ತಿದ್ದಿಸಿಕೊಳ್ಳಬೇಕು, ಏಕೆಂದರೆ ಮುಳ್ಳು 60 ತೋರಿಸುವಾಗ ಕಾರು 63 ದಾಟಿರುತ್ತದೆ, ಮತ್ತು ಪೊಲೀಸರಿಗೆ ಈ ಗಣಿತ ಹೇಳಿ ಪ್ರಯೋಜನವಿಲ್ಲ.

ಹದಿನೈದು ಇಂಚೋ, ಹದಿನೆಂಟೋ?

ಹಳೆಯ ರ್‍ಯಾಲಿ ರಿಮ್ಮುಗಳ ಅಂದವನ್ನು ಮೆಚ್ಚುವ ನಮ್ಮಂಥವರಿಗೆ ಕಹಿಯಾದ ಸಂಗತಿಯೆಂದರೆ, ಟೈರು ಕಂಪನಿಗಳು ಹದಿನೈದು ಇಂಚಿನ ಅಗಲ ಟೈರುಗಳ ಮೇಲೆ ಹೊಸ ವಿದ್ಯೆಯನ್ನು ಖರ್ಚು ಮಾಡುವುದನ್ನು ಬಹುಮಟ್ಟಿಗೆ ನಿಲ್ಲಿಸಿವೆ. ಈ ಅಳತೆಯಲ್ಲಿ ಒಂದು ತುದಿಗೆ ಬಿಎಫ್ ಗುಡ್‌ರಿಚ್ ರೇಡಿಯಲ್ ಟಿ/ಎ, ಕೂಪರ್ ಕೋಬ್ರಾದಂಥ ಬಿಳಿ ಅಕ್ಷರದ ಸೌಮ್ಯ ಟೈರುಗಳಿವೆ; ಇನ್ನೊಂದು ತುದಿಗೆ ಡ್ರ್ಯಾಗ್ ರೇಡಿಯಲ್‌ಗಳಿವೆ; ನಡುವೆ ಹೆಚ್ಚೇನೂ ಇಲ್ಲ. ಸೌಮ್ಯ ಟೈರುಗಳ ವೇಗದ ಗುರುತನ್ನು ಗಮನಿಸಿ. ಎಸ್ ಎಂಬ ಅಕ್ಷರವಿದ್ದರೆ ಅದರ ಮಿತಿ ಗಂಟೆಗೆ 180 ಕಿ.ಮೀ., ಟಿ ಇದ್ದರೆ 190. ಚೆನ್ನಾಗಿ ಕಟ್ಟಿದ ದೊಡ್ಡ ಎಂಜಿನ್ನು ಕಾಲು ಮೈಲಿ ಮುಗಿಯುವಷ್ಟರಲ್ಲೇ ಆ ಮಿತಿಯನ್ನು ಮುಟ್ಟಬಲ್ಲದು. ಎಚ್ ಎಂದರೆ 210, ವಿ ಎಂದರೆ 240, ಡಬ್ಲ್ಯು ಎಂದರೆ 270, ವೈ ಎಂದರೆ 300.

ತಿರುವುಗಳಲ್ಲಿಯೂ ಬ್ರೇಕಿನಲ್ಲಿಯೂ ಇಂದಿನ ಸ್ಪೋರ್ಟ್ಸ್ ಕಾರಿನಂಥ ಹಿಡಿತ ಬೇಕೆನ್ನುವವರು ಹದಿನೇಳು ಅಥವಾ ಹದಿನೆಂಟು ಇಂಚಿನ ರಿಮ್ಮಿಗೆ ಹೋಗದೆ ವಿಧಿಯಿಲ್ಲ. 275/40 ಆರ್ 18 ಟೈರಿನ ವ್ಯಾಸ 26.7 ಇಂಚು, ಮೂಲದ ಟೈರಿಗೆ ಬಹಳ ಹತ್ತಿರ. ಆದ್ದರಿಂದ ಗೇರಿನ ಲೆಕ್ಕ ಕೆಡುವುದಿಲ್ಲ, ದೊಡ್ಡ ಡಿಸ್ಕ್ ಬ್ರೇಕಿಗೂ ಜಾಗ ಸಿಗುತ್ತದೆ. ಅದೇ 275/40 ಟೈರನ್ನು ಹದಿನೇಳು ಇಂಚಿನ ರಿಮ್ಮಿಗೆ ಕೊಂಡರೆ ವ್ಯಾಸ 25.7ಕ್ಕೆ ಇಳಿದು, ಗೂಡಿನಲ್ಲಿ ಚಕ್ರ ಬಡಕಲಾಗಿ ಕಾಣುತ್ತದೆ. ಮುಂದಿನ ಟೈರನ್ನು ಮರೆತು ಹಿಂದೆ ಮಾತ್ರ ಅಗಲ ಮಾಡಿದರೆ, ತಿರುವಿನಲ್ಲಿ ಸ್ಟಿಯರಿಂಗ್ ತಿರುಗಿಸಿದರೂ ಮೂತಿ ನೇರಕ್ಕೇ ಜಾರುವ ಚಾಳಿ ಹೆಚ್ಚಾಗುತ್ತದೆ. ಆದ್ದರಿಂದ ತಿರುವು ಮುಖ್ಯವಾದವರು ನಾಲ್ಕೂ ಟೈರುಗಳನ್ನು ಒಂದೇ ಮಾದರಿಯಲ್ಲಿ ಕೊಳ್ಳಬೇಕು. ನಾನು ಹದಿನೈದರಲ್ಲೇ ಉಳಿದೆ. ಕಾರಣ ಕಣ್ಣಿನದೇ ಹೊರತು ಬುದ್ಧಿಯದಲ್ಲ.

ರಬ್ಬರಿನ ಗುಣ

ಅಮೆರಿಕದಲ್ಲಿ ಮಾರಾಟವಾಗುವ ಕಾರು ಟೈರುಗಳ ಮೇಲೆ ಟ್ರೆಡ್‌ವೇರ್ ಎಂಬ ಸಂಖ್ಯೆ ಇರುತ್ತದೆ. ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಜೆಲೊ ಊರಿನ ಸುತ್ತ 400 ಮೈಲಿಯ ಗೊತ್ತಾದ ಹಾದಿಯಲ್ಲಿ ಒಟ್ಟು 7,200 ಮೈಲಿ ಓಡಿಸಿ, ಸವೆತವನ್ನು ಮಾದರಿ ಟೈರಿನೊಂದಿಗೆ ಹೋಲಿಸಿ ಇದನ್ನು ನಿಗದಿ ಮಾಡುತ್ತಾರೆ. 100ಕ್ಕಿಂತ 400 ಇರುವ ಟೈರು ಆ ಪರೀಕ್ಷೆಯಲ್ಲಿ ನಾಲ್ಕು ಪಟ್ಟು ಬಾಳಿದಂತೆ. ದರ್ಜೆಯನ್ನು ಕಂಪನಿಗಳೇ ಕೊಟ್ಟುಕೊಳ್ಳುವುದರಿಂದ ಎರಡು ಕಂಪನಿಗಳ ಸಂಖ್ಯೆಗಳನ್ನು ಹೋಲಿಸುವಾಗ ಎಚ್ಚರ ಬೇಕು. ಸ್ಥೂಲವಾಗಿ ಹೇಳುವುದಾದರೆ ರೇಡಿಯಲ್ ಟಿ/ಎ ತರಹದ 400ರ ಟೈರು ಗಟ್ಟಿ ರಬ್ಬರಿನದು, 200ರ ಹತ್ತಿರದ್ದು ರೇಸಿನ ವಾಸನೆಯುಳ್ಳ ರಸ್ತೆ ಟೈರು, 100 ಮತ್ತು ಅದಕ್ಕೂ ಕೆಳಗಿನದು ಪೆನ್ಸಿಲ್ ಅಳಿಸುವ ರಬ್ಬರಿನಂತೆ ಸವೆಯುವಂಥದ್ದು. ಪಕ್ಕದಲ್ಲೇ ಇರುವ ಟ್ರ್ಯಾಕ್ಷನ್ ದರ್ಜೆಯನ್ನು ನೋಡಿ ಮೋಸಹೋಗಬೇಡಿ: ಅದು ಒದ್ದೆ ನೆಲದ ಮೇಲೆ ನೇರವಾಗಿ ಬ್ರೇಕ್ ಹಾಕಿದಾಗಿನ ಹಿಡಿತವನ್ನು ಹೇಳುತ್ತದೆಯೇ ವಿನಾ ಒಣ ನೆಲದಲ್ಲಿ ಹೊರಡುವಾಗಿನ ಹಿಡಿತವನ್ನಲ್ಲ.

ಡ್ರ್ಯಾಗ್ ರೇಡಿಯಲ್ ಎಂದರೆ ರಸ್ತೆಯಲ್ಲಿ ಓಡಿಸಲು ಡಿಒಟಿ (ಅಮೆರಿಕದ ಸಾರಿಗೆ ಇಲಾಖೆ) ಮುದ್ರೆ ಇದ್ದು, ಮೈಯೆಲ್ಲ ರೇಸಿನದೇ ಆದ ಟೈರು. ಮಿಕ್ಕಿ ಥಾಂಪ್ಸನ್ ಕಂಪನಿಯ ಇಟಿ ಸ್ಟ್ರೀಟ್ ಎಸ್‌ಎಸ್ ಇದರಲ್ಲಿ ರಸ್ತೆಯ ಕಡೆಗೆ ವಾಲಿದ್ದು, ಇಟಿ ಸ್ಟ್ರೀಟ್ ಆರ್ ಎಂಬುದು ಸ್ಟ್ರಿಪ್ಪಿನ ಕಡೆಗೆ ವಾಲಿದ್ದು; ಎರಡನೆಯದರಲ್ಲಿ ನೀರು ಹರಿದುಹೋಗಲು ಇರುವ ಗೀರುಗಳು ಹೆಸರಿಗಷ್ಟೇ. ಅಂಥ ಟೈರಿನಲ್ಲಿ ಹೆದ್ದಾರಿಯ ನಿಂತ ನೀರಿನ ಮೇಲೆ ಹೋದರೆ ಹಿಂಭಾಗ ಯಾವ ಸೂಚನೆಯನ್ನೂ ಕೊಡದೆ ತೇಲುತ್ತದೆ. ಚಳಿಯೂ ಇವುಗಳಿಗೆ ಶತ್ರು: ಉಷ್ಣಾಂಶ ಐದು ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಈ ಬಗೆಯ ರಬ್ಬರು ಬಿರುಸಾಗಿ ಹಿಡಿತ ಬಿಡುತ್ತದೆ, ಕೊರೆಯುವ ಚಳಿಯಲ್ಲಿ ಹೊರಳಿಸಿದರೆ ಬಿರುಕು ಬಿಡಲೂಬಹುದು. ಮಿಶಿಗನ್ನಿನಂಥ ಕಡೆ ನವೆಂಬರಿನಿಂದ ಏಪ್ರಿಲ್‌ವರೆಗೆ ಅವುಗಳನ್ನು ಕಳಚಿ ಬೆಚ್ಚಗಿನ ಕತ್ತಲಲ್ಲಿ ಇಡಬೇಕು. ಪೂರ್ತಿ ನುಣುಪಾದ ಸ್ಲಿಕ್ ಟೈರು ರಸ್ತೆಗೆ ಕಾನೂನುಬದ್ಧವೇ ಅಲ್ಲ.

ನನ್ನ ಸಲಹೆ ಇಷ್ಟು: ಒಂದೇ ಜೊತೆಯಲ್ಲಿ ರಾಜಿಯಾಗುವ ಬದಲು ರಸ್ತೆಗೆ 275/60 ಆರ್ 15 ಸೌಮ್ಯ ಟೈರನ್ನೂ, ಅಗ್ಗದ ಇನ್ನೊಂದು ಜೊತೆ ರಿಮ್ಮಿನ ಮೇಲೆ ಅದೇ ಅಳತೆಯ ಡ್ರ್ಯಾಗ್ ರೇಡಿಯಲ್ಲನ್ನೂ ಇಟ್ಟುಕೊಳ್ಳಿ. ಅಳತೆ ಒಂದೇ ಆದ್ದರಿಂದ ಗೂಡಿನಲ್ಲಿ ಹೊಸ ತಕರಾರು ಹುಟ್ಟುವುದಿಲ್ಲ, ಮತ್ತು ಡ್ರ್ಯಾಗ್ ಜೊತೆ ವರ್ಷಗಟ್ಟಲೆ ಬಾಳುತ್ತದೆ.

ವಯಸ್ಸು ಕೇಳದೆ ಕೊಳ್ಳಬೇಡಿ

ಸವೆಸದೆ ಎಸೆದ ಜೊತೆಯ ಕತೆ ಇಲ್ಲಿ ಬರುತ್ತದೆ. ಒಂದು ಅಂಗಡಿಯಲ್ಲಿ ಒಳ್ಳೆಯ ರಿಯಾಯಿತಿಗೆ ಸಿಕ್ಕಿತೆಂದು ಹೊಸ ಟೈರು ಹಾಕಿಸಿಕೊಂಡು ಬಂದೆ. ಟ್ರೆಡ್ಡಿನ ಮೇಲಿನ ರಬ್ಬರು ಕೂದಲುಗಳು ಕೂಡ ಹಾಗೇ ಇದ್ದವು. ಬೇಸಿಗೆಯಲ್ಲೇ ಮೊದಲ ಗೇರಿನಲ್ಲಿ ಕಾಲಿಟ್ಟರೆ ಸಾಬೂನಿನ ಮೇಲೆ ನಿಂತಂತೆ ಜಾರುತ್ತಿತ್ತು. ಒಂದು ತಿಂಗಳ ಮೇಲೆ ಕಾರಿನ ಕೆಳಗೆ ಮಲಗಿದ್ದಾಗ ಟೈರಿನ ಒಳಮುಖದಲ್ಲಿದ್ದ ಡಿಒಟಿ ಬರಹ ಕಣ್ಣಿಗೆ ಬಿತ್ತು: ಕೊನೆಯ ನಾಲ್ಕು ಅಂಕಿಗಳ ಪ್ರಕಾರ ಆ ‘ಹೊಸ’ ಟೈರಿಗೆ ಏಳು ವರ್ಷ ತುಂಬಿತ್ತು. ಮಾರಿದವರನ್ನು ಬೈದು ಪ್ರಯೋಜನವಿಲ್ಲ, ನೋಡದೆ ತಂದವನು ನಾನು.

ಆ ನಾಲ್ಕು ಅಂಕಿಗಳಲ್ಲಿ ಮೊದಲಿನೆರಡು ವಾರ, ಕೊನೆಯೆರಡು ವರ್ಷ. 2319 ಎಂದಿದ್ದರೆ 2019ರ 23ನೆಯ ವಾರ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನ ಟೈರು, ಅದರ ಮೇಲೆ ಕಾರನ್ನು ಗ್ಯಾರೇಜಿನಿಂದ ಹೊರಗೂ ತರಬೇಡಿ. ಅನೇಕ ಕಾರು ಕಂಪನಿಗಳು ಆರು ವರ್ಷಕ್ಕೆ ಟೈರು ಬದಲಿಸಲು ಹೇಳುತ್ತವೆ. ಟ್ರೆಡ್ ಎಷ್ಟೇ ಇದ್ದರೂ ಹತ್ತು ವರ್ಷಕ್ಕಿಂತ ಆಚೆ ಓಡಿಸಬಾರದು. ವರ್ಷಕ್ಕೆ ಸಾವಿರ ಮೈಲಿಯೂ ಓಡದ ನಮ್ಮ ಕಾರುಗಳಲ್ಲಿ ಟೈರು ಸವೆಯುವುದಕ್ಕಿಂತ ಮೊದಲು ಮುದಿಯಾಗುತ್ತದೆ. 2013ರಲ್ಲಿ ನಟ ಪಾಲ್ ವಾಕರ್ ಸಾವಿಗೀಡಾದ ಅಪಘಾತಕ್ಕೆ ಅತಿವೇಗವೇ ಕಾರಣವೆಂದು ತನಿಖೆ ಹೇಳಿದರೂ, ಆ ಕಾರಿನ ಟೈರುಗಳಿಗೆ ಒಂಬತ್ತು ವರ್ಷವಾಗಿತ್ತೆಂಬುದೂ ದಾಖಲಾಗಿದೆ. ಅಂಗಡಿಗೆ ಫೋನ್ ಮಾಡಿದಾಗಲೇ ತಯಾರಿಕೆಯ ವಾರವನ್ನು ಓದಿ ಹೇಳಲು ಕೇಳಿ. ಎರಡೂ ಟೈರುಗಳದ್ದನ್ನೂ ಕೇಳಿ.

ಹಿಡಿತ ಹೆಚ್ಚಿದರೆ ಮುರಿಯುವುದು ಯಾವುದು?

ಟೈರು ಜಾರುತ್ತಿದ್ದಾಗ ಅದು ಒಂದು ರೀತಿಯ ಫ್ಯೂಸ್ ಆಗಿತ್ತು. ಅದು ಹಿಡಿದುಕೊಂಡ ಮೇಲೆ ಅದೇ ಏಟು ಯೂನಿವರ್ಸಲ್ ಜಾಯಿಂಟಿಗೂ, ಡಿಫರೆನ್ಷಿಯಲ್ಲಿನ ಚಿಕ್ಕ ಗೇರುಗಳಿಗೂ, ಆಕ್ಸಲ್ ಶಾಫ್ಟಿಗೂ ಬೀಳುತ್ತದೆ. ಕ್ಲಚ್ಚಿನ ಕಾರಿನಲ್ಲಿ ಈ ಏಟು ಆಟೊಮ್ಯಾಟಿಕ್ಕಿಗಿಂತ ಬಿರುಸು. ಹಳೆಯ ಜನರಲ್ ಮೋಟಾರ್ಸ್ ಕಾರುಗಳಲ್ಲಿ ಚಕ್ರದ ಸ್ಟಡ್ಡುಗಳು 7/16 ಇಂಚಿನವು. ಡ್ರ್ಯಾಗ್ ರೇಡಿಯಲ್ ಹಾಕುವವರು ಅವುಗಳನ್ನು ಅರ್ಧ ಇಂಚಿಗೆ ಏರಿಸುವುದು ಒಳ್ಳೆಯದು. ಅಮೆರಿಕದ ಡ್ರ್ಯಾಗ್ ಪಂದ್ಯಗಳ ಸಂಸ್ಥೆಯಾದ ಎನ್‌ಎಚ್‌ಆರ್‌ಎ ನಿಯಮದಂತೆ ಸ್ಲಿಕ್ ಹಾಕಿ ಕಾಲು ಮೈಲಿಯನ್ನು 13.99 ಸೆಕೆಂಡು ಅಥವಾ ಅದಕ್ಕಿಂತ ಬೇಗ ಓಡುವ ಕಾರಿಗೆ ಡ್ರೈವ್ ಶಾಫ್ಟ್ ಕಳಚಿದರೂ ನೆಲಕ್ಕೆ ಬೀಳದಂತೆ ತಡೆಯುವ ಲೂಪ್ ಕಡ್ಡಾಯ. ಪಾಸಿಟ್ರ್ಯಾಕ್ಷನ್ (ಒಂದು ಚಕ್ರ ಜಾರಿದರೂ ಇನ್ನೊಂದಕ್ಕೆ ಬಲ ಹೋಗುವಂತೆ ಮಾಡುವ ಡಿಫರೆನ್ಷಿಯಲ್) ಇರುವ ಆಕ್ಸಲ್ಲಿನಲ್ಲಿ ಎರಡೂ ಟೈರುಗಳ ವ್ಯಾಸ ಸಮವಾಗಿರಲೇಬೇಕು. ಒಂದು ಹೊಸದು, ಒಂದು ಸವೆದದ್ದು ಹಾಕಿದರೆ ಒಳಗಿನ ಕ್ಲಚ್ ತಟ್ಟೆಗಳು ನೇರ ರಸ್ತೆಯಲ್ಲೂ ಉಜ್ಜುತ್ತಲೇ ಇರುತ್ತವೆ. ಪಂಕ್ಚರ್ ಆದರೆ ಜೊತೆಯನ್ನೇ ಬದಲಿಸುವ ಖರ್ಚಿಗೆ ತಯಾರಿರಿ.

ಗಾಳಿ, ಮತ್ತು ಮೊದಲ ಓಟ

ಸೈಡ್‌ವಾಲಿನ ಮೇಲೆ ಬರೆದಿರುವ ಪಿಎಸ್‌ಐ ಗರಿಷ್ಠ ಮಿತಿಯೇ ಹೊರತು ನೀವು ಹಾಕಬೇಕಾದ ಗಾಳಿಯಲ್ಲ. ಬಾಗಿಲ ಬಳಿಯ ಹಳೆಯ ಚೀಟಿಯೂ ಹೊಸ ಅಳತೆಗೆ ಉಪಯೋಗವಿಲ್ಲ, ಅದು ಬರೆದದ್ದು ಬೇರೆ ಟೈರಿಗೆ. ಟ್ರೆಡ್ಡಿನ ಅಡ್ಡಕ್ಕೆ ಸೀಮೆಸುಣ್ಣದಿಂದ ದಪ್ಪ ಗೆರೆ ಎಳೆದು, ನೇರ ರಸ್ತೆಯಲ್ಲಿ ನೂರು ಮೀಟರು ನಿಧಾನ ಓಡಿಸಿ ನೋಡಿ. ನಡುವೆ ಮಾತ್ರ ಗೆರೆ ಅಳಿಸಿದ್ದರೆ ಗಾಳಿ ಹೆಚ್ಚು, ಎರಡು ಅಂಚುಗಳಲ್ಲಿ ಮಾತ್ರ ಅಳಿಸಿದ್ದರೆ ಕಡಿಮೆ. 275/60 ಟೈರಿನಲ್ಲಿ 32ರಿಂದ ಶುರುಮಾಡಿದ ನನಗೆ 28 ಪಿಎಸ್‌ಐನಲ್ಲಿ ಗೆರೆ ಒಂದೇ ಸಮ ಅಳಿಸಿತು. ಡ್ರ್ಯಾಗ್ ರೇಡಿಯಲ್‌ಗಳಲ್ಲಿ ಸ್ಟ್ರಿಪ್ಪಿನ ಮೇಲೆ ಮಾತ್ರ 18ರ ಆಸುಪಾಸಿಗೆ ಇಳಿಸಿ, ಒಂದೊಂದೇ ಪಿಎಸ್‌ಐ ಹೆಚ್ಚುಕಡಿಮೆ ಮಾಡಿ ನೋಡಬೇಕು, ಮನೆಗೆ ಹೊರಡುವ ಮುನ್ನ ಮತ್ತೆ ತುಂಬಿಸಿಕೊಳ್ಳಬೇಕು. ಸ್ಟ್ರಿಪ್ಪಿನಲ್ಲಿ ಬರ್ನ್‌ಔಟಿಗೆಂದು (ಓಟಕ್ಕೆ ಮೊದಲು ಟೈರನ್ನು ನಿಂತಲ್ಲೇ ತಿರುಗಿಸಿ ಬಿಸಿಮಾಡಲೆಂದು) ನೀರು ಚೆಲ್ಲಿದ ಜಾಗವನ್ನು ರಸ್ತೆ ಟೈರಿನವರು ಸುತ್ತುಹಾಕಿ ಹೋಗಬೇಕು. ಗೀರುಗಳಲ್ಲಿ ಕೂತ ನೀರು ಹೊರಡುವ ಗೆರೆಯವರೆಗೂ ತೊಟ್ಟಿಕ್ಕುತ್ತದೆ, ಮತ್ತು ನಿಮ್ಮ ಹಿಂದೆ ಸಾಲಿನಲ್ಲಿ ನಿಂತವರು ಅದನ್ನು ಮರೆಯುವುದಿಲ್ಲ.

ಹೊಸ ಟೈರಿನ ಮೇಲ್ಮೈಯಲ್ಲಿ ಅಚ್ಚಿನಿಂದ ಬಿಡಿಸಲು ಬಳಿದ ಜಾರುಪದಾರ್ಥ ಉಳಿದಿರುತ್ತದೆ. ಮೊದಲ ನೂರಿನ್ನೂರು ಕಿಲೋಮೀಟರು ಕಾಲು ಹಗುರವಾಗಿರಲಿ. ಎಂಬತ್ತು ಕಿ.ಮೀ. ಆದ ಮೇಲೆ ನಿಲ್ಲಿಸಿ ನಟ್ಟುಗಳನ್ನು ಬಿಗಿತದ ಅಳತೆ ತೋರಿಸುವ ಟಾರ್ಕ್ ಸ್ಪ್ಯಾನರಿನಿಂದ ಮತ್ತೊಮ್ಮೆ ಬಿಗಿಯಿರಿ. 7/16 ಸ್ಟಡ್ಡಿಗೆ 70 ಪೌಂಡ್-ಅಡಿ ಸಾಕು. ಆಮೇಲೆ ಟಾರ್ಚ್ ಹಿಡಿದು ಬಗ್ಗಿ, ಟೈರಿನ ಒಳಮುಖದ ಮೇಲೆ ಬೆರಳಾಡಿಸಿ. ಹೊಳೆಯುವ ಒಂದು ಗೆರೆಯೋ, ಬೆರಳಿಗೆ ಹತ್ತುವ ಕಪ್ಪು ಪುಡಿಯೋ ಸಿಕ್ಕಿದರೆ ಅದು ಎಲ್ಲಿಗೆ ತಾಗುತ್ತಿದೆ ಎಂದು ಹುಡುಕಿ ಸರಿಪಡಿಸುವವರೆಗೆ ಆ ಕಾರಿನಲ್ಲಿ ಹೆದ್ದಾರಿ ಹತ್ತಬೇಡಿ.